ಪೆನ್‌ಡ್ರೈವ್‌ನ ಫೈಲುಗಳೆಲ್ಲ ಶಾರ್ಟ್‌ಕಟ್ ಆಗಿವೆಯೇ? ಫಾರ್ಮ್ಯಾಟ್ ಮಾಡುವ ಮುನ್ನ ಇದನ್ನು ಓದಿ

ಮಾರ್ಕ್ಸ್‌ಕಾರ್ಡ್ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ದಿರುತ್ತೀರಿ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಮದುವೆಯ ಫೋಟೋ, ಪ್ರಾಜೆಕ್ಟ್ ರಿಪೋರ್ಟ್, ಜಮೀನಿನ ಪತ್ರಗಳ ಸ್ಕ್ಯಾನ್ ಇದ್ದ ಜಾಗದಲ್ಲೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್‌ಗಳು. ಗ್ರೂಪಿನಲ್ಲಿ ಕೇಳಿದರೆ ಯಾರಾದರೊಬ್ಬರು ತಕ್ಷಣ ಹೇಳುತ್ತಾರೆ: "ವೈರಸ್ ಎಲ್ಲವನ್ನೂ ತಿಂದುಹಾಕಿದೆ. ಫಾರ್ಮ್ಯಾಟ್ ಮಾಡಿ, ಬೇರೆ ದಾರಿಯೇ ಇಲ್ಲ."

ಇದರಲ್ಲಿ ವೈರಸ್ ಇದೆ ಎನ್ನುವುದಷ್ಟೇ ನಿಜ. ನಿಮ್ಮ ಫೈಲುಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಅವುಗಳನ್ನು ನಿಜವಾಗಿ ಅಳಿಸುವುದು ಫಾರ್ಮ್ಯಾಟ್ ಮಾಡುವ ನಮ್ಮ ಕೈ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಇದನ್ನು ನೀವೇ ಪರೀಕ್ಷಿಸಬಹುದು. ಪೆನ್‌ಡ್ರೈವ್‌ನ ಹೆಸರಿನ ಮೇಲೆ ಮೌಸಿನ ಬಲಬದಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. ಒಂದು ಶಾರ್ಟ್‌ಕಟ್‌ನ ತೂಕ ಹೆಚ್ಚೆಂದರೆ ಕೆಲವು ಕೆಬಿ. ಹೀಗಿರುವಾಗ ಬಳಕೆಯಾದ ಜಾಗ 10 ಜಿಬಿ ಎಂದು ತೋರಿಸುತ್ತಿದ್ದರೆ ಆ 10 ಜಿಬಿ ಏನು? ನಿಮ್ಮ ಫೋಟೋಗಳೇ.

ಹಾಗಾದರೆ ಅವು ಕಾಣುವುದಿಲ್ಲವೇಕೆ? ವಿಂಡೋಸ್‌ನಲ್ಲಿ ಪ್ರತಿ ಫೈಲಿಗೂ ಕೆಲವು ಪುಟ್ಟ ಗುರುತುಚೀಟಿಗಳಿರುತ್ತವೆ. 'ಹಿಡನ್' ಎಂಬ ಚೀಟಿ ಇದ್ದರೆ ಫೈಲು ಮರೆಯಾಗುತ್ತದೆ. 'ಸಿಸ್ಟಮ್' ಎಂಬ ಚೀಟಿಯೂ ಜೊತೆಗಿದ್ದರೆ, ಅದು ವಿಂಡೋಸ್‌ನ ಸ್ವಂತ ಆಸ್ತಿ, ಬಳಕೆದಾರರು ಅಪ್ಪಿತಪ್ಪಿಯೂ ಮುಟ್ಟಬಾರದು ಎಂದು ಇನ್ನೂ ಒಳಗೆ ಬಚ್ಚಿಡಲಾಗುತ್ತದೆ. ಡಾಸ್ ಕಾಲದಿಂದ ಬಂದ ವ್ಯವಸ್ಥೆ ಇದು. ವೈರಸ್ ಮಾಡುವುದು ಇಷ್ಟೇ: ಎರಡೂ ಚೀಟಿಗಳನ್ನು ನಿಮ್ಮ ಫೋಲ್ಡರುಗಳಿಗೆ ಅಂಟಿಸಿ, ಅದೇ ಹೆಸರಿನ, ಅದೇ ಚಿತ್ರದ ಶಾರ್ಟ್‌ಕಟ್ ಒಂದನ್ನು ಅಲ್ಲಿ ಕೂರಿಸುತ್ತದೆ. ಕೆಲವು ತಳಿಗಳು ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರಿನೊಳಗೆ ತುಂಬುವುದೂ ಉಂಟು.

ಆ ಶಾರ್ಟ್‌ಕಟ್ ಒತ್ತಿದಾಗ ನಡೆಯುವುದು ಎರಡು ಕೆಲಸ. ಮೊದಲು ವೈರಸ್ಸಿನ ಪ್ರೋಗ್ರಾಂ ಸದ್ದಿಲ್ಲದೆ ಓಡುತ್ತದೆ, ನಂತರ ನಿಮ್ಮ ನಿಜವಾದ ಫೋಲ್ಡರ್ ತೆರೆಯುತ್ತದೆ. ಫೋಟೋಗಳು ಕಂಡವಲ್ಲ, ಎಲ್ಲ ಸರಿಯಿದೆ ಎಂದುಕೊಳ್ಳುತ್ತೀರಿ. ಅಷ್ಟರಲ್ಲಿ ಕಂಪ್ಯೂಟರಿಗೆ ಸೋಂಕು ತಗುಲಿ ಆಗಿರುತ್ತದೆ. ಇದು ಫೈಲು ತಿನ್ನುವುದಿಲ್ಲ ಏಕೆಂದರೆ, ನಿಮ್ಮ ಫೈಲುಗಳೇ ಇದರ ಗಾಳದ ಎರೆಹುಳು.

ಶಾರ್ಟ್‌ಕಟ್‌ನ ಮೊರೆ ಹೋಗಲು ಕಾರಣವೂ ಇದೆ. ಹಿಂದೆಲ್ಲ ಪೆನ್‌ಡ್ರೈವ್ ಚುಚ್ಚಿದರೆ ಸಾಕಿತ್ತು, 'ಆಟೋರನ್' ಸೌಲಭ್ಯ ಬಳಸಿ ವೈರಸ್ ತಾನೇ ಓಡುವ ಸಾಧ್ಯತೆಯಿತ್ತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಹರಡಿದ ದಾರಿಗಳಲ್ಲಿ ಇದೂ ಒಂದು. 2009ರ ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳಿಗೆ ಈ ಬಾಗಿಲು ಮುಚ್ಚಿತು. 2011ರಲ್ಲಿ ಎಕ್ಸ್‌ಪಿ, ವಿಸ್ತಾಗಳಿಗೂ ಅಪ್‌ಡೇಟ್ ಬಂತು. ತಾನಾಗಿ ಓಡಲಾಗದ ಮೇಲೆ ನಮ್ಮ ಕೈಯಿಂದಲೇ ಕ್ಲಿಕ್ ಮಾಡಿಸಿಕೊಳ್ಳುವ ಉಪಾಯ ಮುಂಚೂಣಿಗೆ ಬಂತು.

ಫೈಲು ವಾಪಸ್ ಪಡೆಯಲು ಯಾವ ಶಾರ್ಟ್‌ಕಟ್ಟನ್ನೂ ಒತ್ತಬೇಡಿ. ಫೈಲ್ ಎಕ್ಸ್‌ಪ್ಲೋರರ್‌ನ 'ಆಪ್ಷನ್ಸ್'ಗೆ ಹೋಗಿ, 'ವ್ಯೂ' ವಿಭಾಗದಲ್ಲಿ ಹಿಡನ್ ಫೈಲುಗಳನ್ನು ತೋರಿಸುವ ಆಯ್ಕೆ ಒತ್ತಿ. ಅನೇಕರು ಇಲ್ಲಿಗೇ ನಿಲ್ಲಿಸಿ "ಏನೂ ಬರಲಿಲ್ಲ" ಎನ್ನುತ್ತಾರೆ. ಸ್ವಲ್ಪ ಕೆಳಗೆ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದಿದೆ, ಅದರ ಟಿಕ್ ಗುರುತನ್ನೂ ತೆಗೆಯಬೇಕು. ವಿಂಡೋಸ್ ಎಚ್ಚರಿಕೆ ಕೊಡುತ್ತದೆ, ಒಪ್ಪಿಕೊಳ್ಳಿ. ಈಗ ಮಂಕು ಬಣ್ಣದಲ್ಲಿ ನಿಮ್ಮ ಫೋಲ್ಡರುಗಳು ಕಾಣುತ್ತವೆ. ನಿಮಗೆ ಗುರುತಿರುವ ಫೋಟೋ, ದಾಖಲೆಗಳನ್ನಷ್ಟೇ ಬೇರೆಡೆಗೆ ನಕಲು ಮಾಡಿಕೊಳ್ಳಿ. ಗುರುತಿಲ್ಲದ ಯಾವುದನ್ನೂ ತರಬೇಡಿ. ಕೆಲಸ ಮುಗಿದ ಮೇಲೆ ಆ ಟಿಕ್ ಮತ್ತೆ ಹಾಕಿಬಿಡಿ. ಇಲ್ಲದಿದ್ದರೆ ನಾಳೆ ಯಾರೋ ವಿಂಡೋಸ್‌ನ ಫೈಲನ್ನೇ ಕಸವೆಂದು ಅಳಿಸಿಯಾರು.

ಕಂಪ್ಯೂಟರ್ ಇಲ್ಲದವರಿಗೂ ಒಂದು ದಾರಿಯಿದೆ. ಓಟಿಜಿ ಅಡಾಪ್ಟರ್ ಮೂಲಕ ಪೆನ್‌ಡ್ರೈವನ್ನು ಆಂಡ್ರಾಯ್ಡ್ ಫೋನಿಗೆ ಜೋಡಿಸಿ. ವಿಂಡೋಸ್‌ನ 'ಹಿಡನ್' ಚೀಟಿಗೆ ಆಂಡ್ರಾಯ್ಡ್ ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. ಹೀಗಾಗಿ ಫೈಲುಗಳು ಎಂದಿನಂತೆ ಕಾಣಬಹುದು. ವಿಂಡೋಸ್‌ಗೆಂದು ಬರೆದ ಆ ಶಾರ್ಟ್‌ಕಟ್ ಕೂಡ ಅಲ್ಲಿ ಓಡದು.

ಇನ್ನು ವೈರಸ್ಸಿನ ಮಾತು. ಸೋಂಕು ತಗುಲಿದ ಕಂಪ್ಯೂಟರ್ ಹಾಗೆಯೇ ಇದ್ದರೆ, ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮತ್ತೆ ಚುಚ್ಚಿದ ಕ್ಷಣ ಶಾರ್ಟ್‌ಕಟ್‌ಗಳು ಹಾಜರ್. ಆ ಫಾರ್ವರ್ಡ್ ಸಲಹೆ ಈ ಕಾರಣಕ್ಕೂ ಕೆಲಸಕ್ಕೆ ಬಾರದ್ದು. 'ವಿಂಡೋಸ್ ಸೆಕ್ಯೂರಿಟಿ'ಯಲ್ಲಿ ಇಡೀ ಕಂಪ್ಯೂಟರನ್ನೂ ಪೆನ್‌ಡ್ರೈವನ್ನೂ ಸ್ಕ್ಯಾನ್ ಮಾಡಿಸಿ. ಹಟಮಾರಿ ವೈರಸ್‌ಗಳಿಗೆಂದು 'ಆಫ್‌ಲೈನ್ ಸ್ಕ್ಯಾನ್' ಕೂಡ ಅದರಲ್ಲೇ ಇದೆ. ಬೇಕಿದ್ದರೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವುದು ಇದೆಲ್ಲ ಆದ ಮೇಲೆ.

ಆಗಲೇ ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೆ? ಮೊದಲು ಆ ಪೆನ್‌ಡ್ರೈವ್‌ಗೆ ಏನನ್ನೂ ಹಾಕುವುದನ್ನು ನಿಲ್ಲಿಸಿ. 'ಕ್ವಿಕ್ ಫಾರ್ಮ್ಯಾಟ್' ಎಂದರೆ ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದ ಹಾಗೆ, ಒಳಗಿನ ಪುಟಗಳು ಇನ್ನೂ ಇರುತ್ತವೆ. ಮೈಕ್ರೋಸಾಫ್ಟ್‌ನದೇ ಉಚಿತ ತಂತ್ರಾಂಶ 'ವಿಂಡೋಸ್ ಫೈಲ್ ರಿಕವರಿ' ಇದೆ. ಕಮಾಂಡ್ ಟೈಪ್ ಮಾಡಬೇಕಾದ್ದರಿಂದ ತಿಳಿದವರ ನೆರವು ಬೇಕಾದೀತು. ಹುಡುಕಿ ತೆಗೆದ ಫೈಲುಗಳನ್ನು ಅದೇ ಪೆನ್‌ಡ್ರೈವ್‌ಗೆ ಅಲ್ಲ, ಇನ್ನೊಂದು ಡ್ರೈವ್‌ಗೆ ಉಳಿಸಿ. ಕ್ವಿಕ್ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ ಕಥೆ ಬೇರೆ. ವಿಸ್ತಾದಿಂದ ಈಚೆಗೆ ವಿಂಡೋಸ್ ಆಗ ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಅಲ್ಲಿಂದ ಫೋಟೋ ತೆಗೆದುಕೊಡುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ.