ಹೃದ್ರೋಗಿಯ ಮನೆಬಾಗಿಲಿಗೆ ಶುಶ್ರೂಷೆ

ಮಾನ್ಯ ಸಂಪಾದಕರಿಗೆ,

ಹೃದಯವೈಫಲ್ಯದ ರೋಗಿಯು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವೇ ಅವನ ಚಿಕಿತ್ಸೆಯ ಕಠಿನತರವಾದ ಭಾಗವು ಮೊದಲಾಗುತ್ತದೆಂಬುದನ್ನು ನಮ್ಮ ಆರೋಗ್ಯವ್ಯವಸ್ಥೆಯು ಇನ್ನೂ ಸಂಪೂರ್ಣವಾಗಿ ಮನಗಂಡಂತಿಲ್ಲ. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಲ್ಲಿ ಈ ವ್ಯಾಧಿಯಿಂದ ದಾಖಲಾದ 1205 ಮಂದಿಯನ್ನು ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ಸಂಸ್ಥೆಯ ಡಾ. ಎಸ್. ಹರಿಕೃಷ್ಣನ್ ಮತ್ತವರ ಸಹೋದ್ಯೋಗಿಗಳು ಐದು ವರ್ಷಗಳ ಪರ್ಯಂತ ಗಮನಿಸುತ್ತ ಬರಲಾಗಿ, ಅವರಲ್ಲಿ ಶೇಕಡಾ 59ರಷ್ಟು ಮಂದಿ ಅಷ್ಟರೊಳಗೆ ತೀರಿಕೊಂಡಿದ್ದರು. ದಾಖಲಾದವರ ಸರಾಸರಿ ವಯಸ್ಸಾದರೋ ಕೇವಲ 61! ಹೃದಯದ ಸಂಕೋಚನಶಕ್ತಿ ಕುಂದಿದ್ದವರಲ್ಲಿ, ಶಾಸ್ತ್ರವಿಹಿತವಾದ ಔಷಧಗಳನ್ನೆಲ್ಲ ಪಡೆದು ಮನೆಗೆ ತೆರಳಿದವರು ಕಾಲುಭಾಗದಷ್ಟು ಮಾತ್ರ.

ಕೇರಳದ ಪ್ರಥಮ ಹೃದಯಕಸಿಯು 2003ರಲ್ಲಿ ಕೊಚ್ಚಿಯಲ್ಲಿ ನೆರವೇರಿತು. ಆ ಸಾಧನೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಹುಜನ ರೋಗಿಗಳಿಗೆ ಬೇಕಾಗಿರುವುದು ಪ್ರತಿದಿನ ಮುಂಜಾನೆ ತೂಕ ನೋಡುವ ಒಂದು ಯಂತ್ರ, ಉಪ್ಪಿನಕಾಯಿ ಒಣಮೀನುಗಳ ವಿಷಯದಲ್ಲಿ ಸಂಯಮ, ತಪ್ಪದ ಮಾತ್ರೆಗಳು, ಮತ್ತು ಎರಡು ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರಿತೆಂದರೆ ಅಥವಾ ಕಾಲು ಬಾತಿತೆಂದರೆ, ಉಸಿರು ಕಟ್ಟುವವರೆಗೂ ಕಾಯದೆ ಕೂಡಲೆ ವೈದ್ಯರಿಗೆ ತಿಳಿಸಬಲ್ಲ ಒಬ್ಬ ದಾದಿ.

ಇದು ಅಸಾಧ್ಯವೆನ್ನಲಾಗದು. 2008ರಲ್ಲಿಯೇ ಉಪಶಾಮಕ ಶುಶ್ರೂಷೆಯ ನೀತಿಯನ್ನು ಅಂಗೀಕರಿಸಿ, ಪಂಚಾಯತಿಗಳ ಮೂಲಕ ದಾದಿಯರನ್ನು ಹಾಸಿಗೆ ಹಿಡಿದವರ ಮನೆಮನೆಗೆ ಕಳುಹಿಸುತ್ತ ಬಂದಿರುವ ರಾಜ್ಯವಿದು. ಅದೇ ದಾದಿಯರಿಗೆ ತಕ್ಕ ತರಬೇತಿಯನ್ನೂ ಸಹಾಯಕರನ್ನೂ ಒದಗಿಸಿ, ಆಸ್ಪತ್ರೆಯಿಂದ ಬಿಡುಗಡೆಯಾದ ಪ್ರತಿಯೊಬ್ಬ ಹೃದಯವೈಫಲ್ಯದ ರೋಗಿಯ ವಿವರವನ್ನು ಆ ವಾರದಲ್ಲಿಯೇ ಸಮೀಪದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವ ಏರ್ಪಾಡನ್ನು ಸರಕಾರವು ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಪ್ರಾರ್ಥಿಸುತ್ತೇನೆ.

ಇತಿ,
ಓರ್ವ ಓದುಗ, ಕಾಸರಗೋಡು