ಮನೆಯ ಸಾಧನೆ, ನೆರೆಮನೆಯ ನಿದ್ರೆ

ಸಂಗೀತವೂ ಗದ್ದಲವೂ ಭೌತವಿಜ್ಞಾನದ ದೃಷ್ಟಿಯಿಂದ ಒಂದೇ ಜಾತಿಗೆ ಸೇರಿದವು. ಎರಡೂ ಗಾಳಿಯಲ್ಲಿ ಹರಿಯುವ ಕಂಪನಗಳೇ. ಕೇಳಬೇಕೆಂದು ಬಂದು ಕುಳಿತವನಿಗೆ ಯಾವುದು ಸಂಗೀತವೋ, ಗೋಡೆಯಾಚೆ ಜ್ವರದಿಂದ ಮಲಗಿದವನಿಗೆ ಅದೇ ಗದ್ದಲ. ಅದರಲ್ಲಿಯೂ ಕಲಿಯುವವನ ವಾದನವು ಒಂದೇ ಬೋಲನ್ನು ನೂರು ಸಲ ತಿರುಗಿಸುವಂಥದು. ವಿದ್ಯೆಗೆ ಈ ಪುನರಾವರ್ತನೆ ಅನಿವಾರ್ಯ. ನೆರೆಯವನ ತಾಳ್ಮೆಗೆ ಇದೇ ಪರೀಕ್ಷೆ.

ನಮ್ಮ ಬೀದರ ನಗರದ ಮೈಲೂರಿನಂತಹ ಬಡಾವಣೆಗಳಲ್ಲಿ ಈ ಪ್ರಶ್ನೆ ದಿನೇ ದಿನೇ ಬಿಗಿಯಾಗುತ್ತಿದೆ. ಹಳೆಯ ಬೀದರಿನ ಗೋಡೆಗಳು ಜಂಬಿಟ್ಟಿಗೆ ಕಲ್ಲಿನವು; ಎರಡು ಅಡಿ ದಪ್ಪದ ಗೋಡೆಗಳು ಅಲ್ಲಿ ಅಪರೂಪವಲ್ಲ. ಹೊಸ ಮನೆಗಳಲ್ಲಾದರೋ ನಾಲ್ಕು ಅಂಗುಲದ ಇಟ್ಟಿಗೆಯ ಅಡ್ಡಗೋಡೆ, ಒಬ್ಬರ ಛಾವಣಿಯೇ ಮತ್ತೊಬ್ಬರ ನೆಲ. ಇಂಥ ಮನೆಯಲ್ಲಿ ಮಗುವೊಂದು ತಬಲಾ ಕಲಿಯತೊಡಗಿತೆಂದರೆ ಕಥೆ ಎರಡರಲ್ಲಿ ಒಂದು ಬಗೆಯಾಗಿ ಮುಗಿಯುವುದುಂಟು: ಇಲ್ಲವೆ ಜಗಳ, ಇಲ್ಲವೆ ತಬಲಾ ಅಟ್ಟ ಸೇರುವುದು. ಈ ಎರಡೂ ಅನಗತ್ಯವೆಂಬುದೂ, ಶಬ್ದವು ಹೇಗೆ ಸಂಚರಿಸುತ್ತದೆಂಬ ಅಲ್ಪ ತಿಳಿವಳಿಕೆಯೂ ಅಲ್ಪ ಸೌಜನ್ಯವೂ ಕೂಡಿದರೆ ಬಹುಪಾಲು ತೊಂದರೆ ನೀಗುವುದೆಂಬುದೂ ನನ್ನ ಅಭಿಪ್ರಾಯ.

ಮೊದಲು ಒಂದು ತಪ್ಪು ಕಲ್ಪನೆಯನ್ನು ತೊಡೆದುಹಾಕಬೇಕು. ಗೋಡೆಗೆ ಸ್ಪಂಜಿನ ಹಾಳೆಯನ್ನೋ ಮೊಟ್ಟೆಯ ತಟ್ಟೆಗಳನ್ನೋ ಅಂಟಿಸಿದರೆ ಸದ್ದು ಹೊರಗೆ ಹೋಗದೆಂದು ಅನೇಕರು ನಂಬಿದ್ದಾರೆ. ಶಬ್ದವನ್ನು ಹೀರುವುದು ಬೇರೆ, ತಡೆಯುವುದು ಬೇರೆ. ಹಗುರವಾದ ಮೆತ್ತನೆಯ ವಸ್ತು ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆ; ಹೊರಹೋಗುವ ಶಬ್ದವನ್ನು ತಡೆಯಲು ಬೇಕಾದುದು ಭಾರ. ಗೋಡೆಯ ಭಾರ ಇಮ್ಮಡಿಯಾದರೆ ಅದನ್ನು ದಾಟುವ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆಂಬುದು ಸ್ಥೂಲ ನಿಯಮ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ತೋರುವುದು. ಹಿರಿಯರ ದಪ್ಪ ಗೋಡೆಯ ಗುಣ ಇದರಿಂದ ತಿಳಿಯುತ್ತದೆ.

ಹಾಗೆಂದು ಹೊಸ ಗೋಡೆಯನ್ನು ಕೆಡವಿ ಕಟ್ಟಬೇಕಾಗಿಲ್ಲ. ಎರಡೂ ಬದಿಗೆ ಗಾರೆ ಮಾಡಿದ ನಾಲ್ಕು ಅಂಗುಲದ ಗೋಡೆಯೂ ಸುಮಾರು 40 ಡೆಸಿಬೆಲ್ ತಡೆಯಬಲ್ಲುದು. ಎಂದರೆ ತನ್ನ ಮೇಲೆ ಬಿದ್ದ ಶಬ್ದಶಕ್ತಿಯ ಹತ್ತು ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ಆಚೆಗೆ ಬಿಡುತ್ತದೆ. ಆದರೆ ಆ ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೆ ಆ ಕಿಂಡಿಯೊಂದರಿಂದಲೇ ನೂರರಲ್ಲಿ ಒಂದು ಪಾಲು ಶಕ್ತಿ ಹೊರಬೀಳುತ್ತದೆ. 40 ಡೆಸಿಬೆಲ್ಲಿನ ರಕ್ಷಣೆ ಒಮ್ಮೆಗೇ 20ಕ್ಕೆ ಕುಸಿಯುತ್ತದೆ. ಹತ್ತು ಚದರ ಮೀಟರ್ ಗೋಡೆಗೆ ಈ ಭಾಗ ಕೇವಲ ಒಂದು ಚದರ ಅಡಿ. ಆದುದರಿಂದ ನಾವು ಹಣ ಸುರಿಯಬೇಕಾದುದು ಗೋಡೆಗಲ್ಲ. ಗಮನ ಕೊಡಬೇಕಾದುದು ಕಿಟಕಿಯ ಸಂದಿಗೆ, ಬಾಗಿಲ ಕೆಳಗಿನ ತೆರಪಿಗೆ, ಗವಾಕ್ಷಿಗೆ. ನೆರೆಮನೆಯತ್ತ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಕುಳಿತು, ಎರಡು ಬಾಗಿಲುಗಳನ್ನು ನಡುವೆ ಮುಚ್ಚಿ ನುಡಿಸಿದರೆ ಫಲ ಆಶ್ಚರ್ಯಕರ. ಬೇಸಗೆಯಲ್ಲಿ ಎಲ್ಲವನ್ನೂ ಮುಚ್ಚಿ ಕೂರುವುದು ಕಷ್ಟವೆಂಬುದು ನಿಜ. ಆಗ ಸಾಧನೆಯನ್ನು ಅರ್ಧರ್ಧ ಗಂಟೆಗಳಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು.

ಶಬ್ದಕ್ಕೆ ಗಾಳಿಯಲ್ಲದೆ ಇನ್ನೊಂದು ದಾರಿಯುಂಟು. ನೆಲದ ಮೇಲಿಟ್ಟ ತಬಲಾದ ಪೆಟ್ಟು ಕಾಂಕ್ರೀಟನ್ನು ನೇರವಾಗಿ ನಡುಗಿಸುತ್ತದೆ. ಆ ನಡುಕ ಕೆಳಗಿನ ಮನೆಯವರ ಛಾವಣಿಯಿಂದ ಶಬ್ದವಾಗಿ ಹೊರಡುತ್ತದೆ. ಡಗ್ಗಾದ ಮಂದ್ರಧ್ವನಿಯಂತೂ ಗೋಡೆಯನ್ನೂ ಸುಲಭವಾಗಿ ದಾಟಬಲ್ಲುದು. ವಾದ್ಯದ ಕೆಳಗಿಡುವ ಸಿಂಬಿ ಈ ನಡುಕವನ್ನು ಕೊಂಚ ತಡೆಯುತ್ತದೆ. ಅದರ ಕೆಳಗೆ ನಮ್ಮ ಮನೆಗಳಲ್ಲಿ ಹೇಗೂ ಇರುವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಇನ್ನಷ್ಟು ಹಿತ. ಗೋಡೆಗೆ ತೂಗುಹಾಕಿದ ಕೌದಿಗಿಂತ ನೆಲಕ್ಕೆ ಹಾಸಿದ ಕೌದಿ ನೆರೆಯವನಿಗೆ ಹೆಚ್ಚು ಉಪಕಾರಿ.

ಇನ್ನು ವಾದ್ಯವನ್ನೇ ಮೆತ್ತಗೆ ಮಾಡುವ ಉಪಾಯ. ಪಿಟೀಲಿನ ಕುದುರೆಯ ಮೇಲೆ ಭಾರವಾದ ಮ್ಯೂಟನ್ನು ಸಿಕ್ಕಿಸಿದರೆ ತಂತಿಯ ಕಂಪನ ಮರದ ಹಲಗೆಗೆ ಪೂರ್ತಿಯಾಗಿ ಇಳಿಯದೆ ದನಿ ಕುಗ್ಗುತ್ತದೆ. ವಿದ್ಯುತ್ ಕೀಬೋರ್ಡಿಗೆ ಹೆಡ್‌ಫೋನ್ ಸಾಕು. ಅದರ ದನಿಯನ್ನೂ ತಗ್ಗಿಸಿಯೇ ಇಟ್ಟುಕೊಳ್ಳಬೇಕೆಂಬುದನ್ನು ಮರೆಯಬಾರದು. ತಬಲಾದ ಮೇಲೆ ಬಟ್ಟೆ ಹೊದಿಸುವವರೂ ಉಂಟು. ಇಲ್ಲಿ ಎಚ್ಚರ ಬೇಕು. ತಬಲಾ ಮೃದಂಗಗಳ ಮುಖದ ಮೇಲಿನ ಕರಿಯ ಲೇಪವೇ ಅವುಗಳ ಉಪಸ್ವರಗಳನ್ನು ಸುಸ್ವರವಾಗಿ ಹೊಂದಿಸುತ್ತದೆಂಬುದನ್ನು ಸಿ. ವಿ. ರಾಮನ್ನರು ಶಿವಕಾಳಿ ಕುಮಾರರೊಡನೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಸಾಮಾನ್ಯ ಡೋಲಿಗಿಲ್ಲದ ಈ ಗುಣವನ್ನೇ ಬಟ್ಟೆ ಅಳಿಸಿಹಾಕುತ್ತದೆ. ಬೆರಳಿನ ವೇಗಕ್ಕೆ ಬಟ್ಟೆ ಹೊದಿಸಿದ ತಬಲಾ ಸಾಕು. ಕಿವಿಯ ಶಿಕ್ಷಣಕ್ಕೆ ಸಾಲದು. ದಿನಕ್ಕೊಂದು ಗಂಟೆಯಾದರೂ ವಾದ್ಯ ತನ್ನ ನಿಜವಾದ ದನಿಯಲ್ಲಿ ನುಡಿಯಲೇಬೇಕು. ಸಾಧಕನಿಗೆ ಸಂಪೂರ್ಣ ಮೌನವನ್ನು ವಿಧಿಸುವವರು ಈ ಮಾತನ್ನು ಗಮನಿಸಬೇಕು.

ಆ ಒಂದು ಗಂಟೆ ಯಾವುದಾಗಬೇಕು? ಬ್ರಾಹ್ಮೀ ಮುಹೂರ್ತದ ಸಾಧನೆ ಶ್ರೇಷ್ಠವೆಂದು ಸಂಪ್ರದಾಯ ಹೇಳುತ್ತದೆ. ಸುತ್ತಲಿನ ನಿಶ್ಶಬ್ದ ಸಾಧಕನಿಗೆ ಅನುಕೂಲವೇ. ಅದೇ ನಿಶ್ಶಬ್ದದಲ್ಲಿ ಅವನ ಸದ್ದು ಎದ್ದು ಕೇಳುತ್ತದೆ. ಜೊತೆಗೆ, ನಿರ್ಮಲ ರಾತ್ರಿಗಳಲ್ಲಿ ನೆಲ ಬೇಗ ತಣಿದು, ಮೇಲಿನ ಗಾಳಿ ಬೆಚ್ಚಗೆ ಉಳಿಯುವುದರಿಂದ ಶಬ್ದತರಂಗಗಳು ಕೆಳಗೆ ಬಾಗಿ ದೂರದವರೆಗೂ ತಲಪುತ್ತವೆ. ಕಾನೂನೂ ಈ ಹೊತ್ತಿಗೆ ಮಿತಿ ಹಾಕಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಗರಿಷ್ಠ ಮಟ್ಟ. ರಾತ್ರಿಯೆಂದರೆ 10ರಿಂದ ಬೆಳಗಿನ 6ರವರೆಗೆ. 2010ರ ತಿದ್ದುಪಡಿಯಿಂದ ಸಂಗೀತವಾದ್ಯಗಳ ಹೆಸರೂ ಈ ರಾತ್ರಿಯ ನಿರ್ಬಂಧದಲ್ಲಿ ಸೇರಿತು. ಆದುದರಿಂದ ಮೇಳವಾದ್ಯದ ಹೊತ್ತು ಸಂಜೆ 5ರಿಂದ 7ರ ನಡುವೆ ಇರಲಿ. ಬೆಳಗಿನ ಹೊತ್ತು ಬಟ್ಟೆ ಹೊದಿಸಿದ ತಬಲಾಕ್ಕೂ ಬಾಯಿಪಾಠಕ್ಕೂ ಮೀಸಲಾಗಲಿ.

ನೆರೆಯವರಿಗೂ ಒಂದು ಮಾತು. ಬೀದರಿನ ವಾಯುನೆಲೆಯ ತರಬೇತಿ ವಿಮಾನಗಳ ಮೊರೆತವನ್ನು ನಾವು ಕೇಳಿ ಅಭ್ಯಾಸವಾಗಿದೆ. ಮದುವೆಯ ಮೆರವಣಿಗೆಯ ಧ್ವನಿವರ್ಧಕ ಕಿಟಕಿಯ ಗಾಜನ್ನು ಅದುರಿಸಿದರೂ ಸುಮ್ಮನಿರುತ್ತೇವೆ. ಆದರೆ ಹತ್ತು ವರ್ಷದ ಬಾಲಕಿ ತೀನ್‌ತಾಲದ ಠೇಕಾ ತಪ್ಪಿದಾಗ ಮಾತ್ರ ನಮ್ಮ ಶಾಂತಿಪ್ರಿಯತೆ ಎಚ್ಚರಗೊಳ್ಳುತ್ತದೆ. ಬಲಾಢ್ಯರ ಸದ್ದಿಗೆ ಮಣಿದು ದುರ್ಬಲರ ಸದ್ದನ್ನು ಅಡಗಿಸುವುದು ನ್ಯಾಯವಲ್ಲ. ಬಾಗಿಲು ತಟ್ಟಿ ಗದರುವುದಕ್ಕಿಂತ, ನಮ್ಮ ಮನೆಯಲ್ಲಿ ಮಗು ಯಾವಾಗ ಮಲಗುತ್ತದೆ, ರಾತ್ರಿಪಾಳಿಯವರು ಯಾವಾಗ ಎದ್ದೇಳುತ್ತಾರೆ ಎಂದು ತಿಳಿಸಿ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಮೇಲು.

ಕೊನೆಯದಾಗಿ ಒಂದು ಸಲಹೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಂತಹ ಕಡೆ ವಿದ್ಯಾರ್ಥಿಗಳು ಅಲ್ಲಿಯೇ ಉಳಿದು ಸಂಗೀತ ಕಲಿಯುತ್ತಾರೆ; ಸಾಧನೆಗೆ ಜಾಗವೆಲ್ಲಿ ಎಂಬ ಚಿಂತೆ ಅವರಿಗಿಲ್ಲ. ಬಾಡಿಗೆ ಮನೆಯ ಮಗುವಿಗೆ ಆ ಭಾಗ್ಯವಿಲ್ಲ. ಆದರೆ ನಮ್ಮ ಬೀದರ, ಭಾಲ್ಕಿ, ಔರಾದಗಳ ಶಾಲಾ ಕಾಲೇಜುಗಳ ಕೋಣೆಗಳು ಸಂಜೆಯ ಘಂಟೆಯ ನಂತರ ಬರಿದಾಗಿಯೇ ನಿಲ್ಲುತ್ತವೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುವುದರಿಂದ, 5 ಮೀಟರಿನ ಬದಲು 40 ಮೀಟರ್ ಆಚೆ ಮನೆಗಳಿದ್ದರೆ 18 ಡೆಸಿಬೆಲ್ ತಾನಾಗಿಯೇ ಕಡಿಮೆಯಾಗುತ್ತದೆ. ಆಟದ ಮೈದಾನವೇ ಇಲ್ಲಿ ಗೋಡೆಯ ಕೆಲಸ ಮಾಡುವುದು. ಪ್ರತಿ ಶಾಲೆಯೂ ಸಂಜೆ ಎರಡು ಗಂಟೆ ಒಂದೇ ಒಂದು ಕೋಣೆಯನ್ನು ಬಡಾವಣೆಯ ಸಂಗೀತ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲಿ. ಇದಕ್ಕೆ ತಗಲುವ ವೆಚ್ಚ ಒಂದು ದೀಪದ್ದು, ಒಬ್ಬ ಕಾವಲುಗಾರನದು. ಅಷ್ಟನ್ನು ಮಾಡಲಾರದ ಊರು, ಅಟ್ಟ ಸೇರಿದ ತಬಲಾಗಳಿಗಾಗಿ ಮುಂದೆ ಮರುಗಿ ಫಲವಿಲ್ಲ.