ಅಟ್ಟ ಸೇರಿದ ಮಾನಿಟರ್ ಮತ್ತು ಸೀಲಂಪುರದ ಹೊಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹೊಸ ಆವೃತ್ತಿಗೆ ಒಗ್ಗದ ಕಂಪ್ಯೂಟರ್‌ಗಳು ಕಚೇರಿ, ಅಂಗಡಿ, ಮನೆಗಳಿಂದ ಹೊರಬೀಳಲು ಇದೂ ಒಂದು ಕಾರಣವಾಯಿತು. ವಿಚಿತ್ರವೆಂದರೆ, ಅವುಗಳ ಜೊತೆ ಯಾವ ತಪ್ಪೂ ಮಾಡದ ಮಾನಿಟರ್ ಕೂಡ ಗುಜರಿಯ ದಾರಿ ಹಿಡಿಯುತ್ತದೆ. ಒಳಗೆ ಯಾವ ವಿಂಡೋಸ್ ಇದೆಯೆಂಬುದು ಮಾನಿಟರ್‌ಗೆ ಗೊತ್ತೇ ಇರುವುದಿಲ್ಲ. ಬಂದ ಸಂಕೇತವನ್ನು ತೋರಿಸುವುದಷ್ಟೇ ಅದರ ಕೆಲಸ.

ಪರದೆ ಒಡೆದ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದನ್ನು ಹಳೆಯ ಮಾನಿಟರ್‌ಗೆ ಜೋಡಿಸಿ ನೋಡಬಹುದು. ಹೊಸ ಪರದೆ ಹಾಕಿಸುವ ಖರ್ಚು ಉಳಿಯುತ್ತದೆ. ಅಂಗಡಿಯ ಸಿಸಿಟಿವಿ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ವಿಜಿಎ ಕಿಂಡಿ ಇರುತ್ತದೆ. ಅದಕ್ಕೆ ಹೊಸ ಟಿವಿಯೇ ಬೇಕೆಂದೇನಿಲ್ಲ. 2012ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಎಚ್‌ಡಿಎಂಐ-ವಿಜಿಎ ಪರಿವರ್ತಕದ ಮೂಲಕ ಇಂತಹ ಪರದೆಗೆ ಜೋಡಿಸಿದರೆ ಮಕ್ಕಳು ಅದರಲ್ಲಿ ಬರೆಯಬಹುದು, ಪ್ರೋಗ್ರಾಮಿಂಗ್ ಕಲಿಯಬಹುದು. ಆದರೆ ವಿಜಿಎ ತಂತಿಯಲ್ಲಿ ಧ್ವನಿ ಸಾಗುವುದಿಲ್ಲ, ಸ್ಪೀಕರ್ ಬೇರೆಯೇ ಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ಒಂದೇ ಮೊಬೈಲಿನ ಸುತ್ತ ಮೂವರು ಮಕ್ಕಳು ಕುಳಿತು ಪಾಠ ಕೇಳಿದ್ದನ್ನು ಕಂಡ ನಮಗೆ, ಕೆಲಸ ಮಾಡುವ ಪರದೆಯೊಂದು ಅಟ್ಟದಲ್ಲಿ ಧೂಳು ತಿನ್ನುವುದನ್ನು ಸಹಿಸುವುದು ಕಷ್ಟ.

ಹಿಂದೆ ಬೆನ್ನುಬ್ಬಿದ, ಗಾಜಿನ ಕೊಳವೆಯ ಮಾನಿಟರ್‌ಗಳ ಮಾತು ಬೇರೆ. ಅವುಗಳ ಹೊಟ್ಟೆ ಬಗೆದು ಮೀನಿನ ತೊಟ್ಟಿ ಮಾಡುವವರಿದ್ದಾರೆ. ನಾವು ಇದನ್ನು ಖಂಡಿತ ಶಿಫಾರಸು ಮಾಡುವುದಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಕೊಳವೆ ಒಡೆದರೆ ಗಾಜು ಸಿಡಿಯುತ್ತದೆ, ಆ ಗಾಜಿನಲ್ಲಿ ಸೀಸವಿದೆ. ಚಪ್ಪಟೆ ಪರದೆಯೂ ಪೂರ್ತಿ ನಿರಪರಾಧಿಯಲ್ಲ; ಹಳೆಯ ಎಲ್‌ಸಿಡಿಗಳ ಹಿಂಬದಿಯ ದೀಪಗಳಲ್ಲಿ ಪಾದರಸವಿರುತ್ತದೆ.

ಹಾಗಾದರೆ ಗುಜರಿಯವರಿಗೆ ಕೊಟ್ಟ ಮಾನಿಟರ್ ಎಲ್ಲಿಗೆ ಹೋಗುತ್ತದೆ? ದೇಶದ ಇ-ತ್ಯಾಜ್ಯದ ದೊಡ್ಡ ಪಾಲು ಹರಿದು ಬರುವ ಜಾಗಗಳಲ್ಲಿ ದೆಹಲಿಯ ಸೀಲಂಪುರವೂ ಉತ್ತರ ಪ್ರದೇಶದ ಮುರಾದಾಬಾದ್ ಕೂಡ ಸೇರಿವೆ. ಹಿತ್ತಾಳೆಯ ಕಸುಬು ಸೊರಗಿದಾಗ ಮುರಾದಾಬಾದಿನ ಅನೇಕ ಕುಶಲಕರ್ಮಿಗಳು ಸರ್ಕ್ಯೂಟ್ ಬೋರ್ಡ್ ಸುಡುವ ಕೆಲಸಕ್ಕಿಳಿದರು. ತಾಮ್ರಕ್ಕಾಗಿ ಕೊಳವೆ ಒಡೆಯುವವರು, ತಂತಿ ಸುಡುವವರು, ಬರಿಗೈಯಲ್ಲಿ ಆಮ್ಲ ಮುಟ್ಟುವವರು ಬಹುಪಾಲು ಬಡ ಮುಸ್ಲಿಮರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ. ಬೇರೆ ಕೆಲಸ ಸಿಗದವರನ್ನು ದೂರಿ ಪ್ರಯೋಜನವೇನು?

ಕಾನೂನು ಇಲ್ಲದಿಲ್ಲ. ಇ-ತ್ಯಾಜ್ಯ ನಿಯಮಗಳು 2012ರಲ್ಲೇ ಜಾರಿಗೆ ಬಂದವು. 2016ರಲ್ಲಿ ಬದಲಾದವು. ಈಗಿನವು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಹಳೆಯ ಉಪಕರಣಗಳ ಮರುಬಳಕೆಯ ಹೊಣೆಯನ್ನು ಅವು ತಯಾರಕರ ಮೇಲೆಯೇ ಹೊರಿಸಿವೆ. ಆದರೆ ಮಾನಿಟರ್ ಮಾರುವಾಗ ಮನೆ ಬಾಗಿಲಿಗೆ ಬರುವ ಕಂಪೆನಿ, ಅದು ಹಳತಾದಾಗ ಎಷ್ಟು ಪಟ್ಟಣಗಳ ಬಾಗಿಲು ತಟ್ಟಿದೆ? ಒಣಕಸ, ಹಸಿಕಸ ಎಂದು ಬೇರ್ಪಡಿಸಲು ಕಲಿಸಿದ ನಮ್ಮ ಪುರಸಭೆಗಳು ತಿಂಗಳಿಗೊಂದು ದಿನ ಇದಕ್ಕಾಗಿಯೂ ಗಾಡಿ ಕಳಿಸಲಿ, ಸಂಗ್ರಹಿಸಿದ್ದು ಅಧಿಕೃತ ಘಟಕಕ್ಕೇ ತಲುಪಿತೆಂಬ ಲೆಕ್ಕವನ್ನೂ ಸಾರ್ವಜನಿಕರ ಮುಂದಿಡಲಿ. ಈ ಬೇಡಿಕೆಯನ್ನು ವಾರ್ಡಿನ ಸದಸ್ಯರ ಮುಂದಿಡಲು ಓದುಗರು ಮುಂದಿನ ಚುನಾವಣೆಯವರೆಗೆ ಕಾಯಬೇಕಾಗಿಲ್ಲ.